ನರ್ಸಬಾಯಿಯ ಮೇಲೆ ರೇಗುವ ಮೊದಲು

ಶಾಲೆಯಲ್ಲಿ ಮಕ್ಕಳಿಗೆ ಚುಚ್ಚುಮದ್ದು ಎಂದರೆ ನಮ್ಮ ಎದೆಗೇ ಸೂಜಿ ಚುಚ್ಚಿದಂತಾಗುತ್ತದೆ, ಅಲ್ಲವೇ ಸೋದರಿ? ತಪ್ಪೇನಿಲ್ಲ, ಹೆತ್ತ ಕರುಳು.

2017ರ ಫೆಬ್ರುವರಿ ನಿಮಗೆ ನೆನಪಿರಬೇಕು. 9 ತಿಂಗಳಿಂದ 15 ವರ್ಷದೊಳಗಿನ ಮಕ್ಕಳಿಗೆಲ್ಲ ದಡಾರ–ರುಬೆಲ್ಲಾ ಲಸಿಕೆ ಹಾಕುವ ಅಭಿಯಾನ ನಮ್ಮ ರಾಜ್ಯದಲ್ಲಿ ನಡೆಯಿತು. 'ಇದನ್ನು ಹಾಕಿಸಿದರೆ ಮುಂದೆ ಮಕ್ಕಳಾಗುವುದಿಲ್ಲ' ಎಂಬ ಸುಳ್ಳು ಫೋನಿನಿಂದ ಫೋನಿಗೆ ಹಾರಿತು.

ಆಗ ನಾನು ಮುಂಡಗೋಡ ತಾಲೂಕಿನ ಚಿಗಳ್ಳಿಯಲ್ಲಿ ತಂಗಿಯ ಮನೆಯಲ್ಲಿದ್ದೆ. ಅವಳ ಮಗಳ ಜೊತೆ ಶಾಲೆಗೆ ನಾನೂ ಹೋದೆ. (ಆ ಸುತ್ತಿನದೇ ಒಂದು ಶಾಲೆ, ಹೆಸರು ಬೇಡ ಬಿಡಿ.) ಬಾಗಿಲಲ್ಲೇ ಗಲಾಟೆ. ಒಬ್ಬಾಕೆ ಮಗಳ ರಟ್ಟೆ ಹಿಡಿದುಕೊಂಡು, "ನಮ್ಮನ್ನ ಕೇಳದ ಸೂಜಿ ಮಾಡಾಕ ನೀವ್ಯಾರ್ರೀ?" ಎಂದು ಕೂಗುತ್ತಿದ್ದಳು. ಚಿಕ್ಕ ವಯಸ್ಸಿನ ನರ್ಸಬಾಯಿ ಕೈಯಲ್ಲಿ ಹತ್ತಿ ಹಿಡಿದು ನಿಂತೇಬಿಟ್ಟಿದ್ದಳು. ಅಷ್ಟರಲ್ಲಿ ಹಿರಿಯ ಸಿಸ್ಟರು ಎಲ್ಲರೆದುರೇ, "ನಿನಗ ಒಂದು ಕೆಲಸಾನೂ ನೆಟ್ಟಗ ಬರೂದಿಲ್ಲ" ಎಂದು ಆ ಹುಡುಗಿಯನ್ನೇ ಗದರಿದರು.

ಅಲ್ಲಿಗೆ ಮುಗಿಯಿತು ನೋಡಿ! ಸಾಲಿನಲ್ಲಿದ್ದ ತಾಯಂದಿರು ಮುಖ ಮುಖ ನೋಡಿಕೊಂಡರು. ಕೆಲಸ ಬಾರದವಳ ಕೈಗೆ ಮಗುವಿನ ತೋಳು ಕೊಡುವವರಾರು? ನಾಲ್ಕೈದು ಜನ ಮಕ್ಕಳನ್ನು ಕರೆದುಕೊಂಡು ಹೊರಟೇಹೋದರು. ನೆಂಟರೆದುರು ಅತ್ತೆಯೇ ಸೊಸೆಯ ಸಾರನ್ನು ಹಳಿದರೆ, ಆ ಸಾರನ್ನು ಬಡಿಸಿಕೊಳ್ಳುವವರುಂಟೇ? ಮಗುವಿಗೆ ಅಪಾಯವಾಗುವ ತಪ್ಪಾದರೆ ಆ ಕ್ಷಣವೇ ತಡೆಯಬೇಕು, ಅದು ಬೇರೆ ಮಾತು. ಇಲ್ಲಿ ಅಂಥದ್ದೇನೂ ಆಗಿರಲಿಲ್ಲ.

ಹುಡುಗಿ ಕಣ್ಣೊರೆಸಿಕೊಂಡು ಒಂದು ಕುರ್ಚಿ ಎಳೆದಳು. "ಕೂಡ್ರಿ ಅಕ್ಕಾರ, ನಿಮಗ ಯಾತರ ಅಂಜಿಕಿ, ಹೇಳ್ರಿ" ಎಂದಳು. ಕೂಗುತ್ತಿದ್ದಾಕೆ ಅತ್ತುಬಿಟ್ಟಳು. ಹಿಂದೊಮ್ಮೆ ಸೂಜಿ ಮಾಡಿಸಿದ ರಾತ್ರಿ ದೊಡ್ಡ ಮಗನಿಗೆ ಜ್ವರ ಏರಿ, ಮನೆಯವರೆಲ್ಲ ಇವಳನ್ನೇ ಬೈದಿದ್ದರಂತೆ. ಸಿಟ್ಟಿನ ಒಳಗೆ ಇದ್ದದ್ದು ಇಷ್ಟೇ!

ಹುಡುಗಿ ಒಂದನ್ನೂ ಮುಚ್ಚಿಡಲಿಲ್ಲ. ಜ್ವರ ಬರಬಹುದು, ಒಂದು ವಾರದ ಮೇಲೂ ಬರಬಹುದು ಎಂದಳು. ಒಮ್ಮೆ ಬಳಸಿದ ಮೇಲೆ ಮತ್ತೆ ಬಳಸಲಾಗದ ಸಿರಿಂಜನ್ನು ತೋರಿಸಿದಳು. ಕಲಸಿದ ಲಸಿಕೆಯನ್ನು 4 ಗಂಟೆಯ ಮೇಲೆ ಇಡುವುದಿಲ್ಲ, ಚುಚ್ಚಿದ ಮೇಲೆ ಅರ್ಧ ಗಂಟೆ ಮಗುವನ್ನು ಇಲ್ಲೇ ಕೂರಿಸಿ ನೋಡುತ್ತೇವೆ ಎಂದಳು. ರುಬೆಲ್ಲಾ ಬಸುರಿಗೆ ತಗುಲಿದರೆ ಹೊಟ್ಟೆಯಲ್ಲಿರುವ ಕೂಸಿನ ಕಣ್ಣು, ಕಿವಿ, ಹೃದಯಕ್ಕೆ ಕುತ್ತು. ಫೋನಿನ ಸುದ್ದಿ ಎಷ್ಟು ತಿರುವುಮುರುವು ನೋಡಿ! ನಾಳೆ ತಾಯಾಗುವ ಹುಡುಗಿಯರಿಗಂತೂ ಇದು ಬೇಕೇ ಬೇಕು.

ಈಗ ಈ ಲಸಿಕೆಯನ್ನು 9ರಿಂದ 12 ತಿಂಗಳೊಳಗೆ ಒಮ್ಮೆ, 16ರಿಂದ 24 ತಿಂಗಳೊಳಗೆ ಇನ್ನೊಮ್ಮೆ ಹಾಕುತ್ತಾರೆ. ತಾಯಿ ಕಾರ್ಡು ತೆಗೆದು ಒಮ್ಮೆ ನೋಡಿ. ಮಗುವಿಗೆ ಮೈ ಸುಡುತ್ತಿದ್ದರೆ, ಹಿಂದೆ ಯಾವುದಾದರೂ ಲಸಿಕೆಯಿಂದ ತೊಂದರೆಯಾಗಿದ್ದರೆ ಮೊದಲೇ ಹೇಳಿ. ಕೇಳಬೇಕಾದ್ದನ್ನು ಧಾರಾಳವಾಗಿ ಕೇಳಿ. ಆದರೆ ಕೇಳುವುದಕ್ಕೂ ಕೂಗುವುದಕ್ಕೂ ಅಂತರವಿದೆಯಲ್ಲ.

ಆ ತಾಯಿ ಮಗಳ ತೋಳನ್ನು ಮುಂದೆ ಮಾಡಿದಳು. ಹಿರಿಯ ಸಿಸ್ಟರು ಏನೂ ಆಡಲಿಲ್ಲ. ಸುಮ್ಮನೆ ಬಂದು ಪಕ್ಕದಲ್ಲಿ ಕೂತು, "ನೀ ಸೂಜಿ ಮಾಡು, ನಾ ಹೆಸರು ಬರಕೋತೀನಿ" ಎಂದು ರಿಜಿಸ್ಟರು ಎಳೆದುಕೊಂಡರು. ಹೊರಟುಹೋದವರಲ್ಲಿ ಇಬ್ಬರು ಮಧ್ಯಾಹ್ನ ಮರಳಿ ಬಂದರು. ಉಳಿದವರ ಮನೆಗಳಿಗೆ ಮರುದಿನ ಬಿಸಿಲಲ್ಲಿ ಇಬ್ಬರೂ ಕೂಡಿ ನಡೆದೇ ಹೋದರಂತೆ.