ರಾಯಭಾರ ಕಚೇರಿ ‘ಹೊರಡಿ’ ಅಂದರೂ ವಿದ್ಯಾರ್ಥಿಗಳು ಯಾಕೆ ಹೊರಡಲ್ಲ?

2022ರ ಫೆಬ್ರವರಿ 15ರಂದು ಕೀವ್‌ನ ಭಾರತೀಯ ರಾಯಭಾರ ಕಚೇರಿ ಒಂದು ಸೂಚನೆ ಹೊರಡಿಸಿತು. ಉಕ್ರೇನ್‌ನಲ್ಲಿ ಇರಲೇಬೇಕಾದ ಅಗತ್ಯ ಇಲ್ಲದವರು, ಅದರಲ್ಲೂ ವಿದ್ಯಾರ್ಥಿಗಳು, ತಾತ್ಕಾಲಿಕವಾಗಿ ದೇಶ ಬಿಡುವ ಬಗ್ಗೆ ಯೋಚಿಸಬಹುದು ಎಂಬುದು ಅದರ ಸಾರ. 20ರಂದು ಮತ್ತೊಂದು ಸೂಚನೆ ಬಂತು, 22ರಂದು ಇನ್ನೊಂದು. 24ರ ಬೆಳಗಿನ ಜಾವ ರಷ್ಯಾ ದಾಳಿ ಶುರುವಾಯ್ತು. ವಾಯುಪ್ರದೇಶ ಮುಚ್ಚಿತು. ನಮ್ಮವರನ್ನು ಕರೆತರಲು ಹೊರಟಿದ್ದ ಏರ್ ಇಂಡಿಯಾ ವಿಮಾನ ಅರ್ಧ ದಾರಿಯಿಂದಲೇ ವಾಪಸಾಯಿತು. ಮಾರ್ಚ್ 1ರಂದು ಖಾರ್ಕೀವ್‌ನಲ್ಲಿ, ಆಹಾರ ತರಲು ಹೊರಗೆ ಬಂದಿದ್ದ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿ ಶೆಲ್ ದಾಳಿಗೆ ಬಲಿಯಾದ.

ಆಗ ನಮ್ಮ ಸೋಶಿಯಲ್ ಮೀಡಿಯಾದಲ್ಲಿ ಓಡಾಡಿದ ಪ್ರಶ್ನೆ ನೆನಪಿದೆಯಲ್ವಾ? ‘ಒಂಬತ್ತು ದಿನ ಮೊದಲೇ ಹೇಳಿದ್ರಲ್ಲ, ಯಾಕೆ ಬರಲಿಲ್ಲ?’ ಕೇಳಿದ ಧಾಟಿಯಲ್ಲಿ ಚುಚ್ಚುವಿಕೆ ಇತ್ತು. ಆದರೆ ಪ್ರಶ್ನೆ ಮಾತ್ರ ಸರಿಯಾದದ್ದೇ. ಅದಕ್ಕೆ ಉತ್ತರ ಹುಡುಕದೆ, ವಿದೇಶಕ್ಕೆ ಹೋಗುವವರಿಗೆ ‘ಹುಷಾರಾಗಿರಿ’ ಅಂತ ಬುದ್ಧಿ ಹೇಳೋದರಲ್ಲಿ ಅರ್ಥವಿಲ್ಲ.

ಒಂದೇ ಸರ್ಕಾರ, ಎರಡು ದನಿ

ಫೆಬ್ರವರಿ 22ರ ಸೂಚನೆಯಲ್ಲೇ ಅರ್ಧ ಉತ್ತರ ಇದೆ. ಆನ್‌ಲೈನ್ ತರಗತಿಗಳ ಬಗ್ಗೆ ವಿಶ್ವವಿದ್ಯಾಲಯಗಳಿಂದ ಅಧಿಕೃತ ದೃಢೀಕರಣ ಬರುವವರೆಗೆ ಕಾಯಬೇಡಿ, ಹೊರಡಿ ಎಂದು ರಾಯಭಾರ ಕಚೇರಿ ಹೇಳಿತ್ತು. ಅಂದರೆ ಹುಡುಗರು ಸುಮ್ಮನೆ ಕೂತಿರಲಿಲ್ಲ, ಆ ದೃಢೀಕರಣಕ್ಕೆ ಕಾಯುತ್ತಿದ್ದರು. ಯಾಕೆ ಕಾಯುತ್ತಿದ್ದರು ಅನ್ನೋದಕ್ಕೆ ಎರಡೇ ವಾರ ಹಿಂದೆ ಹೋಗಿ. ಫೆಬ್ರವರಿ 8ರಂದು ರಾಷ್ಟ್ರೀಯ ವೈದ್ಯಕೀಯ ಆಯೋಗ, ಚೀನಾದ ವಿಶ್ವವಿದ್ಯಾಲಯಗಳ ವಿಚಾರವಾಗಿ, ಬರೀ ಆನ್‌ಲೈನ್‌ನಲ್ಲಿ ಮಾಡಿದ ವೈದ್ಯಕೀಯ ಕೋರ್ಸ್‌ಗೆ ಮಾನ್ಯತೆ ಇಲ್ಲ ಎಂದು ಎಚ್ಚರಿಸಿತ್ತು.

ಈಗ ಆ ವಿದ್ಯಾರ್ಥಿಯ ಜಾಗದಲ್ಲಿ ನಿಂತು ನೋಡಿ. ಒಂದು ಸರ್ಕಾರಿ ಕಚೇರಿ ಊರಿಗೆ ಹೋಗಿ ಅನ್ನುತ್ತೆ. ಇನ್ನೊಂದು, ಕ್ಲಾಸಿನಲ್ಲಿ ಕೂರದಿದ್ದರೆ ಡಿಗ್ರಿಗೆ ಬೆಲೆಯಿಲ್ಲ ಅನ್ನುವ ಭಯ ಹುಟ್ಟಿಸಿದೆ. ಕಾಲೇಜು ಹಾಜರಾತಿ ಕೇಳುತ್ತಿದೆ. ವಿಮಾನದ ಟಿಕೆಟ್ ದರ ಏರುತ್ತಿದೆ. ಊರಲ್ಲಿ ಹೊಲವನ್ನೋ ಮನೆಯನ್ನೋ ನಂಬಿಕೊಂಡು ತೆಗೆದ ಸಾಲ ಇದೆ. ಯುದ್ಧ ಆಗದೇ ಇದ್ದರೆ ಒಂದು ಸೆಮಿಸ್ಟರ್ ಮತ್ತು ಟಿಕೆಟ್ ದುಡ್ಡು ಎರಡೂ ಹೋದಂತೆ. ಇಷ್ಟೆಲ್ಲ ಲೆಕ್ಕ ಹಾಕುವವನಿಗೆ ‘ಯೋಚಿಸಬಹುದು’ ಅನ್ನುವ ಪದ ಎಚ್ಚರಿಕೆಯಾಗಿ ಕೇಳಿಸೋದು ಕಷ್ಟ.

2021ರ ನವೆಂಬರ್ 18ರ ನಂತರ ವಿದೇಶಿ ವೈದ್ಯಕೀಯ ಕಾಲೇಜು ಸೇರಿದವರಿಗೆ ಕಟ್ಟು ಇನ್ನೂ ಬಿಗಿ. ಕನಿಷ್ಠ 54 ತಿಂಗಳ ಕೋರ್ಸ್ ಪೂರ್ತಿ ಒಂದೇ ಸಂಸ್ಥೆಯಲ್ಲಿ ಆಗಬೇಕು, ಅಲ್ಲೇ 12 ತಿಂಗಳ ಇಂಟರ್ನ್‌ಶಿಪ್ ಆಗಬೇಕು. ಕಳಪೆ ಕಾಲೇಜುಗಳನ್ನು ತಡೆಯಲು ಇಂಥ ನಿಯಮ ಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಬಾಂಬ್ ಬೀಳುವ ಊರಿನಿಂದಲೂ ಕದಲದ ಹಾಗೆ ವಿದ್ಯಾರ್ಥಿಯನ್ನು ಅದೇ ನಿಯಮ ಕಟ್ಟಿಹಾಕುತ್ತದೆ.

ನಿಯಮ ಸಡಿಲಿಸೋಕೆ ಆಗಲ್ವಾ? ಆಗುತ್ತೆ, ಆಗಿದೆ. 22,500ರಷ್ಟು ಭಾರತೀಯರು ಉಕ್ರೇನ್‌ನಿಂದ ವಾಪಸ್ ಬಂದ ಮೇಲೆ, 2022ರ ಸೆಪ್ಟೆಂಬರ್‌ನಲ್ಲಿ ಬೇರೆ ದೇಶದ ಕಾಲೇಜಿನಲ್ಲಿ ಓದು ಮುಂದುವರಿಸುವ ವ್ಯವಸ್ಥೆಯನ್ನು ಆಯೋಗ ಒಪ್ಪಿತು. 2023ರ ಮಾರ್ಚ್‌ನಲ್ಲಿ, ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ಇಲ್ಲಿನ ಕಾಲೇಜು ಸೇರದೆಯೇ ಅಂತಿಮ ಎಂಬಿಬಿಎಸ್ ಪರೀಕ್ಷೆ ಬರೆಯುವ ಅವಕಾಶ ಸುಪ್ರೀಂ ಕೋರ್ಟ್ ಮೂಲಕ ಸಿಕ್ಕಿತು. ಅದೂ ಒಮ್ಮೆಗೆ ಮಾತ್ರ. ಈ ಭರವಸೆಯ ಒಂದು ಪಾಲು ಫೆಬ್ರವರಿ 15ರಂದೇ ಸಿಕ್ಕಿದ್ದರೆ ಎಷ್ಟು ಜನ ಆವತ್ತೇ ಗಂಟುಮೂಟೆ ಕಟ್ಟುತ್ತಿದ್ದರು?

ಸಿದ್ಧತೆ ಅಂದರೆ ನಕಾಶೆಯೂ ಹೌದು

ಸರ್ಕಾರ ಬದಲಾಗುವವರೆಗೆ ಹುಡುಗ, ಹುಡುಗಿಯರು ಕಾಯೋಕಾಗಲ್ಲ. ಹಾಗಾಗಿ ಹೊರಡುವವರ ಪಾಲಿನ ಕೆಲಸವೂ ಇದೆ.

ಮೊದಲನೆಯದು, ಕಾಲೇಜಿನ ಜೊತೆ ಊರನ್ನೂ ಆಯ್ಕೆ ಮಾಡಿ. ಖಾರ್ಕೀವ್, ಸುಮಿ ಎರಡೂ ರಷ್ಯಾ ಗಡಿಯ ಪಕ್ಕ ಇದ್ದವು. ವಿಮಾನ ನಿಂತಾಗ ಪಾರಾಗುವ ದಾರಿ ಇದ್ದದ್ದು ಪೋಲೆಂಡ್, ಹಂಗೇರಿ, ರೊಮೇನಿಯಾ ಕಡೆಗೆ, ದೇಶದ ಇನ್ನೊಂದು ತುದಿಯಲ್ಲಿ. ಪಶ್ಚಿಮದ ಊರುಗಳಲ್ಲಿದ್ದವರು ಬೇಗ ಗಡಿ ಮುಟ್ಟಿದರೆ, ಸುಮಿಯಲ್ಲಿ ಸಿಲುಕಿದವರು ಹಿಮ ಕರಗಿಸಿ ನೀರು ಕುಡಿದರು. ಅವರು ಅಲ್ಲಿಂದ ಹೊರಬಿದ್ದದ್ದು ಮಾರ್ಚ್ 8ಕ್ಕೆ.

ವಿಮಾನ ನಿಲ್ದಾಣ ಒಂದೇ ಬಾಗಿಲು ಅಂದುಕೊಳ್ಳಬೇಡಿ. 2024ರ ಜುಲೈನಲ್ಲಿ ಬಾಂಗ್ಲಾದೇಶ ಹೊತ್ತಿ ಉರಿದಾಗ 4,500ಕ್ಕೂ ಹೆಚ್ಚು ಭಾರತೀಯ ವಿದ್ಯಾರ್ಥಿಗಳು ವಾಪಸಾದರು, ಬಹಳಷ್ಟು ಮಂದಿ ಬಂದದ್ದು ಭೂಗಡಿ ದಾಟಿ. 2025ರ ಜೂನ್‌ನಲ್ಲಿ ಇಸ್ರೇಲ್ ಇರಾನ್ ಮೇಲೆ ದಾಳಿ ಮಾಡಿ ವಾಯುಪ್ರದೇಶ ಮುಚ್ಚಿದಾಗ, ಅಲ್ಲಿನ ವಿದ್ಯಾರ್ಥಿಗಳ ಮೊದಲ ತಂಡ ರಸ್ತೆ ಮೂಲಕ ಅರ್ಮೇನಿಯಾಕ್ಕೆ ಹೋಗಿ ಅಲ್ಲಿಂದ ವಿಮಾನ ಹತ್ತಿತು. ನಿಮ್ಮ ಊರಿಗೆ ಹತ್ತಿರದ ಭೂಗಡಿ ಯಾವುದು, ಅದನ್ನು ದಾಟೋಕೆ ವೀಸಾ ಬೇಕಾ ಅನ್ನೋದು ಹೋದ ಮೊದಲ ವಾರವೇ ಗೊತ್ತಿರಲಿ.

ಕೆಲವೊಮ್ಮೆ ಓಡುವುದಲ್ಲ, ಒಳಗೇ ಇರುವುದು ಸುರಕ್ಷಿತ. 2024ರ ಮೇನಲ್ಲಿ ಬಿಷ್ಕೆಕ್‌ನಲ್ಲಿ ಗುಂಪುಗಳು ವಿದೇಶಿ ವಿದ್ಯಾರ್ಥಿಗಳ ಹಾಸ್ಟೆಲ್‌ಗಳಿಗೆ ನುಗ್ಗಿದಾಗ ರಾಯಭಾರ ಕಚೇರಿ ಹೇಳಿದ್ದು ಹೊರಗೆ ಬರಬೇಡಿ ಎಂದು. ಮೂರು ದಿನಕ್ಕಾಗುವ ನೀರು, ಒಣ ತಿಂಡಿ, ಔಷಧ, ಪವರ್ ಬ್ಯಾಂಕ್ ರೂಮಿನಲ್ಲಿರಲಿ. ಕಾರ್ಡ್ ಕೈಕೊಟ್ಟರೆ ಬೇಕಾಗುವಷ್ಟು ನಗದೂ ಇರಲಿ. ಪಾಸ್‌ಪೋರ್ಟ್ ಏಜೆಂಟ್ ಹತ್ತಿರವೋ ಹಾಸ್ಟೆಲ್ ಆಫೀಸಿನಲ್ಲೋ ಅಲ್ಲ, ನಿಮ್ಮ ಬಳಿಯೇ ಇರಬೇಕು. ವಿದೇಶಾಂಗ ಸಚಿವಾಲಯದ ‘ಮದದ್’ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಿ. ಪಟ್ಟಿಯಲ್ಲಿ ಹೆಸರೇ ಇಲ್ಲದವರನ್ನು ಹುಡುಕೋದು ಕಷ್ಟ.

ಯುದ್ಧವೊಂದೇ ಅಪಾಯ ಅಲ್ಲ. 2024ರ ಜುಲೈನಲ್ಲಿ ಸರ್ಕಾರ ಲೋಕಸಭೆಗೆ ಕೊಟ್ಟ ಲೆಕ್ಕದ ಪ್ರಕಾರ, ಐದು ವರ್ಷಗಳಲ್ಲಿ ವಿದೇಶಗಳಲ್ಲಿ 633 ಭಾರತೀಯ ವಿದ್ಯಾರ್ಥಿಗಳು ಸತ್ತಿದ್ದಾರೆ. ಕೆನಡಾದಲ್ಲೇ 172, ಅಮೆರಿಕದಲ್ಲಿ 108. ದಾಳಿಗಳಲ್ಲಿ ಸತ್ತವರು 19. ಅಪಘಾತ, ಕಾಯಿಲೆಯಂಥ ಕಾರಣಗಳೂ ಆ ಪಟ್ಟಿಯಲ್ಲಿವೆ. ಹಾಗಾಗಿ ಇನ್ಶೂರೆನ್ಸ್ ಕಾಗದವನ್ನು ವೀಸಾಗೆ ಬೇಕು ಅಂತ ಮಾತ್ರ ಇಟ್ಟುಕೊಳ್ಳದೆ ಓದಿ. ಆಸ್ಪತ್ರೆ ಖರ್ಚು ಎಷ್ಟರವರೆಗೆ, ಮನೋವೈದ್ಯರ ಭೇಟಿ ಸೇರಿದೆಯಾ, ಯುದ್ಧದ ಹಾನಿಯನ್ನು ಹೊರಗಿಟ್ಟಿದ್ದಾರಾ ನೋಡಿ.

ಎಲ್ಲಕ್ಕಿಂತ ಮುಖ್ಯವಾಗಿ, ಯಾವಾಗ ಹೊರಡಬೇಕು ಅನ್ನೋದನ್ನು ಮೊದಲೇ ತೀರ್ಮಾನಿಸಿ. ಇಂಜಿನಿಯರಿಂಗ್ ಓದಿದವರಿಗೆ ಫ್ಯೂಸ್ ಗೊತ್ತು. ಕರೆಂಟ್ ಮಿತಿ ಮೀರಿತೆಂದರೆ ಅದು ಚರ್ಚೆಗೆ ಕೂರಲ್ಲ, ಉರಿದುಹೋಗಿ ಮನೆ ಉಳಿಸುತ್ತೆ. ‘ರಾಯಭಾರ ಕಚೇರಿಯ ಎರಡನೇ ಸೂಚನೆ ಬಂದ ದಿನವೇ ಟಿಕೆಟ್’ ಎಂಬಂಥ ಮಿತಿಯನ್ನು ಅಪ್ಪ ಅಮ್ಮನ ಜೊತೆ ಕೂತು, ಶಾಂತಿ ಇರುವಾಗಲೇ ಹಾಕಿಕೊಳ್ಳಿ. ಆ ಟಿಕೆಟ್‌ನ ದುಡ್ಡು ಬೇರೆಯೇ ಇರಲಿ.

ನಾವು ಕೇಳಬೇಕಾದದ್ದು

ಆದರೆ ಆ ದುಡ್ಡು ಬೇರೆ ಎತ್ತಿಡುವ ಶಕ್ತಿ ಎಲ್ಲರಿಗೂ ಇಲ್ಲ. ಇಲ್ಲಿಂದ ಮುಂದೆ ಇದು ರಾಜಕೀಯದ ಪ್ರಶ್ನೆ.

1983ರ ವಲಸೆ ಕಾಯ್ದೆಯ ಪ್ರಕಾರ ವಿದೇಶಕ್ಕೆ ಕೆಲಸಗಾರರನ್ನು ಕಳಿಸುವ ಏಜೆಂಟ್ ನೋಂದಣಿ ಮಾಡಿಸಬೇಕು. ವಿದ್ಯಾರ್ಥಿಗಳಿಗೆ ಸೀಟು ಕೊಡಿಸುವವರು ಅದರ ವ್ಯಾಪ್ತಿಗೆ ಬರಲ್ಲ. ಪಂಜಾಬ್ 2012ರಲ್ಲೇ ಕಾನೂನು ತಂದು ಇಂಥ ಕನ್ಸಲ್ಟೆನ್ಸಿಗಳಿಗೂ ಲೈಸೆನ್ಸ್ ಕಡ್ಡಾಯ ಮಾಡಿದೆ. ಲೈಸೆನ್ಸ್ ಇದ್ದಮಾತ್ರಕ್ಕೆ ಮೋಸ ನಿಂತಿಲ್ಲ ನಿಜ, ಆದರೆ ಹಿಡಿದು ಕೇಳೋಕೆ ಒಂದು ಜುಟ್ಟಾದರೂ ಸಿಕ್ಕಿದೆ. ಕರ್ನಾಟಕದಲ್ಲೂ ಈ ಚರ್ಚೆ ಆಗಬೇಕು.

ಕೇಂದ್ರದ ಬಳಿ 2009ರಿಂದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ಸಂಕಷ್ಟಕ್ಕೆ ಸಿಲುಕಿದವರಿಗೆ ನೆರವಾಗುವುದು, ಮೃತದೇಹ ತರಿಸುವುದು ಅದರ ಕೆಲಸಗಳಲ್ಲಿ ಸೇರಿವೆ. ಸಂಕಷ್ಟ ಬರುವ ಮೊದಲೇ, ದುಡ್ಡಿಲ್ಲದ ವಿದ್ಯಾರ್ಥಿಗೆ ಟಿಕೆಟ್ ಕೊಡಿಸಲೂ ಅದನ್ನು ಬಳಸುವಂತಾಗಲಿ.

ಇದಕ್ಕಿಂತ ಅಗ್ಗದ ಇನ್ನೊಂದು ಕೆಲಸ ಇದೆ. ಮುಂದಿನ ಬಾರಿ ಯಾವುದೇ ರಾಯಭಾರ ಕಚೇರಿ ‘ಹೊರಡಿ’ ಎಂದು ಬರೆದಾಗ, ಅದರ ಕೆಳಗೇ ವೈದ್ಯಕೀಯ ಆಯೋಗದ ಒಪ್ಪಿಗೆಯೊಂದಿಗೆ ಇನ್ನೊಂದು ಸಾಲು ಇರಲಿ: ‘ಈ ಸೂಚನೆ ಜಾರಿಯಲ್ಲಿರುವಷ್ಟು ದಿನ ನೀವು ತಪ್ಪಿಸಿಕೊಂಡ ತರಗತಿಗಳಿಂದ ಭಾರತದಲ್ಲಿ ನಿಮ್ಮ ಡಿಗ್ರಿಯ ಮಾನ್ಯತೆಗೆ ತೊಂದರೆಯಾಗುವುದಿಲ್ಲ.’