ಮರಳುವುದು ಯಾವ ಊರಿಗೆ?

ಮಗನೋ ಮಗಳೋ ಹೊರದೇಶದಲ್ಲಿ ನೆಲೆಸಿರದ ಮನೆ ನಮ್ಮ ನಗರಗಳ ಮಧ್ಯಮವರ್ಗದಲ್ಲಿ ಈಗ ಅಪರೂಪವಾಗುತ್ತ ಬಂದಿದೆ. ಇಂಥ ಮನೆಗಳಿಗೆ ವೀಸಾ ಎಂಬ ಮಾತು ಬೇಳೆ ಬೆಲ್ಲಗಳಷ್ಟೇ ಪರಿಚಿತ. ಆದರೂ ಒಂದು ಬಗೆಯ ವೀಸಾದ ಪ್ರಸ್ತಾಪ ಬಂದಾಗ ಬುದ್ಧಿವಂತರೂ ತಬ್ಬಿಬ್ಬಾಗುವುದನ್ನು ನಾನು ಕಂಡಿದ್ದೇನೆ. ಮನುಷ್ಯ ಭಾರತದ ಪ್ರಜೆ. ವಾಸ ಬೇರೊಂದು ದೇಶದಲ್ಲಿ. ಈಗ ಹೋಗಬೇಕೆಂದಿರುವುದು ಮೂರನೆಯದೊಂದು ದೇಶಕ್ಕೆ, ಅದೂ ಉದ್ಯೋಗಕ್ಕಲ್ಲ, ಹತ್ತು ದಿನ ಕಣ್ತುಂಬ ನೋಡಿ ಬರುವುದಕ್ಕೆ. ಇಂಥವನು ಎಲ್ಲಿ ನಿಂತು ಅರ್ಜಿ ಹಾಕಬೇಕು?

ಈ ಪ್ರಶ್ನೆಯನ್ನು ಹೊತ್ತ ಪತ್ರವೊಂದು ಈಚೆಗೆ ನನಗೆ ಬಂದಿತು. ಬರೆದವನು ನನ್ನ ಹಳೆಯ ವಿದ್ಯಾರ್ಥಿ. ದುಬೈಯಲ್ಲಿ ಉದ್ಯೋಗ, ಜೊತೆಯಲ್ಲಿ ಹೆಂಡತಿ, ನಾಲ್ಕು ವರ್ಷದ ಮಗಳು. ತಾಯಿ ಶಿವಮೊಗ್ಗೆಯಲ್ಲಿದ್ದಾರೆ, ನಿವೃತ್ತ ಶಿಕ್ಷಕಿ. ಅವರು ಬೇಸಗೆಯಲ್ಲಿ ಮಗನ ಮನೆಗೆ ಹೋಗುವವರಿದ್ದಾರೆ. ಅಲ್ಲಿಂದ ಎಲ್ಲರೂ ಕೂಡಿ ಪ್ಯಾರಿಸ್ ನಗರವನ್ನೂ ಸ್ವಿಟ್ಜರ್ಲೆಂಡಿನ ಹಿಮಶಿಖರಗಳನ್ನೂ ನೋಡಿ ಬರಬೇಕೆಂಬುದು ಮಗನ ಬಯಕೆ. "ಗುರುಗಳೇ, ನಮ್ಮ ಪಾಸ್‌ಪೋರ್ಟು ಭಾರತದ್ದಾದ್ದರಿಂದ ನಾವೆಲ್ಲ ಬೆಂಗಳೂರಿಗೇ ಬಂದು ಅರ್ಜಿ ಹಾಕಬೇಕೆಂದು ಕೆಲವರು ಹೇಳುತ್ತಾರೆ. ಅಮ್ಮ ಇಲ್ಲಿಗೆ ಬಂದ ಮೇಲೆ ಎಲ್ಲರದನ್ನೂ ಇಲ್ಲಿಯೇ ಹಾಕಿದರಾಯಿತೆಂದು ಮತ್ತೆ ಕೆಲವರು. ಯಾವುದು ಸರಿ?" ಎಂದು ಕೇಳಿದ್ದಾನೆ. ಸಂಧಿ ಸಮಾಸಗಳನ್ನು ಬಿಡಿಸಿದವನು ಸರ್ಕಾರಗಳು ಹಾಕಿದ ಗಂಟನ್ನೂ ಬಿಡಿಸಬಲ್ಲನೆಂಬ ನಂಬಿಕೆ ಅವನದು.

ಎರಡು ಮಾತೂ ಸರಿಯಲ್ಲ.

ಯೂರೋಪಿನ ೨೯ ದೇಶಗಳು ಹೊರಗಿನ ಪ್ರವಾಸಿಗರಿಗೆ ಇಂದು ಒಂದೇ ಬಗೆಯ ವೀಸಾ ಕೊಡುತ್ತಿವೆ. ೧೯೮೫ರಲ್ಲಿ ಲಕ್ಸೆಂಬರ್ಗಿನ ಶೆಂಗೆನ್ ಎಂಬ ಪುಟ್ಟ ಊರಿನ ಬಳಿ, ಮೊಸೆಲ್ ನದಿಯ ಮೇಲಣ ಹಡಗೊಂದರಲ್ಲಿ, ಮೊದಲ ಒಪ್ಪಂದಕ್ಕೆ ಸಹಿ ಬಿದ್ದುದರಿಂದ ಆ ಊರಿನ ಹೆಸರೇ ವೀಸಾಕ್ಕೂ ನಿಂತಿತು. ಇದರ ನಿಯಮಸಂಹಿತೆ ೨೦೦೯ರಲ್ಲಿ ರಚಿತವಾದುದು. ಅರ್ಜಿದಾರನು ಕಾನೂನಿಗೆ ಒಪ್ಪಿತವಾಗಿ ಎಲ್ಲಿ ನೆಲೆಸಿರುವನೋ ಆ ಪ್ರದೇಶದ ರಾಯಭಾರ ಕಛೇರಿಯೇ ಅವನ ಅರ್ಜಿಯನ್ನು ಪರಿಶೀಲಿಸತಕ್ಕದ್ದು ಎಂದು ಅದು ವಿಧಿಸುತ್ತದೆ. ಪೌರತ್ವದ ಮಾತು ಆ ವಿಧಿಯಲ್ಲಿ ಇಲ್ಲ. ಆದಕಾರಣ ನನ್ನ ವಿದ್ಯಾರ್ಥಿ, ಅವನ ಪತ್ನಿ, ಮಗು ಈ ಮೂವರೂ ದುಬೈಯಲ್ಲಿಯೇ ಅರ್ಜಿ ಹಾಕಬೇಕು. ತಾಯಿ ದುಬೈಯಲ್ಲಿ ಅತಿಥಿಯೇ ಹೊರತು ನಿವಾಸಿಯಲ್ಲವಾದ್ದರಿಂದ ಅವರ ಅರ್ಜಿ ಹೊರಡಬೇಕಾದುದು ಭಾರತದಿಂದ. ನೆಲೆಸಿರದೆ ಬರಿದೆ ಬಂದಿರುವವರೂ ತಕ್ಕ ಕಾರಣ ತೋರಿಸಿದರೆ ಇದ್ದಲ್ಲಿಯೇ ಅರ್ಜಿ ಹಾಕಲು ಸಂಹಿತೆಯಲ್ಲಿ ಒಂದು ಕಿಂಡಿಯುಂಟು. "ಮಗನ ಮನೆಗೆ ಬಂದಿದ್ದೇನೆ, ಹಾಗೆಯೇ ಪ್ಯಾರಿಸ್ ನೋಡುವ ಆಸೆಯಾಯಿತು" ಎಂಬುದು ತಕ್ಕ ಕಾರಣವೆಂದು ಅಧಿಕಾರಿ ಒಪ್ಪಬೇಕಲ್ಲ! ಆ ಕಿಂಡಿಯನ್ನು ನಂಬಿ ವಿಮಾನದ ಟಿಕೆಟು ಕೊಳ್ಳುವುದು ಜಾಣತನವಲ್ಲ.

ಅಮೆರಿಕಾ ಕೂಡ ಈಗ ಇದೇ ದಾರಿ ಹಿಡಿದಿದೆ. ಭಾರತದಲ್ಲಿ ಸಂದರ್ಶನದ ಸರದಿ ಬಹಳ ಉದ್ದವಾಗಿದ್ದ ೨೦೨೩ರಲ್ಲಿ, ನಮ್ಮವರು ಬ್ಯಾಂಕಾಕಿಗೆ ಹೋಗಿ ಅಲ್ಲಿ ಸಂದರ್ಶನ ಮುಗಿಸಿಕೊಂಡು ಬರಲು ಅವಕಾಶವಿತ್ತು. ೨೦೨೫ರ ಸೆಪ್ಟೆಂಬರಿನಲ್ಲಿ ಹೊರಟ ಸೂಚನೆಯಂತೆ, ಪ್ರವಾಸಿಯು ತನ್ನ ಪೌರತ್ವದ ದೇಶದಲ್ಲಾಗಲಿ ನೆಲೆಸಿರುವ ದೇಶದಲ್ಲಾಗಲಿ ಸಂದರ್ಶನಕ್ಕೆ ನಿಲ್ಲಬೇಕು.

ಎಲ್ಲಿ ಅರ್ಜಿ ಹಾಕಬೇಕೆಂಬುದು ತಿಳಿದಮೇಲೆ ಉಳಿದುದು ಸುಲಭವೆಂದು ತೋರಬಹುದು. ನಿಜವಾದ ಕಷ್ಟ ಆರಂಭವಾಗುವುದೇ ಇಲ್ಲಿಂದ. ಪ್ರವಾಸಿ ವೀಸಾ ಕೊಡುವ ಅಧಿಕಾರಿಗೆ ಅರ್ಜಿದಾರನು ಏನು ನೋಡಲು ಬರುತ್ತಾನೆಂಬ ಕುತೂಹಲ ಅಷ್ಟಾಗಿ ಇರುವುದಿಲ್ಲ. ನೋಡಿದ ಮೇಲೆ ಹೊರಟು ಹೋಗುತ್ತಾನೆಯೆ ಎಂಬುದೊಂದೇ ಅವನ ಚಿಂತೆ. ಸ್ವದೇಶದಲ್ಲಿರುವವನು ಮನೆ, ಹೊಲ, ಉದ್ಯೋಗ, ಬಂಧುಬಳಗ ಎಲ್ಲವನ್ನೂ ಬೊಟ್ಟು ಮಾಡಿ "ಇಗೋ, ಇವುಗಳನ್ನು ಬಿಟ್ಟು ಎಲ್ಲಿ ಹೋಗಲಿ?" ಎಂದು ಕೇಳಬಲ್ಲ. ಪರದೇಶದಲ್ಲಿ ನೆಲೆಸಿದವನು ಏನು ತೋರಿಸಬೇಕು? ಅರ್ಜಿಯ ನಮೂನೆಯಲ್ಲಿಯೇ ಇದಕ್ಕಾಗಿ ಒಂದು ಪ್ರತ್ಯೇಕ ಪ್ರಶ್ನೆಯಿದೆ: ಪೌರತ್ವದ ದೇಶವಲ್ಲದೆ ಬೇರೆ ದೇಶದಲ್ಲಿ ನೆಲೆಸಿರುವಿರಾ? ಹೌದಾದರೆ ನಿವಾಸದ ಪರವಾನಗಿಯ ಸಂಖ್ಯೆಯೇನು, ಅದು ಎಂದಿನವರೆಗೆ ಉಂಟು?

ಈ "ಎಂದಿನವರೆಗೆ" ಎಂಬ ಮಾತಿನಲ್ಲಿ ಎಲ್ಲವೂ ಅಡಗಿದೆ. ದುಬೈಯಲ್ಲಿ ಉದ್ಯೋಗಸ್ಥನ ನಿವಾಸ ಪರವಾನಗಿ ಸಾಮಾನ್ಯವಾಗಿ ಎರಡು ವರ್ಷದ್ದು. ಕೆಲಸ ಉಳಿದರೆ ಅದು ಮುಂದುವರಿಯುತ್ತದೆ, ಕೆಲಸ ಹೋದರೆ ಸ್ವಲ್ಪ ದಿನಗಳ ಗಡುವಿನೊಳಗೆ ಊರು ಬಿಡಬೇಕು, ಇಲ್ಲವೆ ಬೇರೆ ಆಧಾರ ಹುಡುಕಬೇಕು. ಅಲ್ಲಿ ಹತ್ತಾರು ವರ್ಷ ದುಡಿದವರಿಗೂ ಪೌರತ್ವ ದೊರೆಯುವುದು ಅತ್ಯಪರೂಪ. ಇದು ನನ್ನ ವಿದ್ಯಾರ್ಥಿಗೆ ಗೊತ್ತು. ಅರ್ಜಿ ನೋಡುವ ಅಧಿಕಾರಿಗೂ ಗೊತ್ತು. ಆದುದರಿಂದಲೇ ಪ್ರವಾಸ ಮುಗಿದ ಮೇಲೂ ಪರವಾನಗಿಯ ಅವಧಿ ಸಾಮಾನ್ಯವಾಗಿ ಮೂರು ತಿಂಗಳಾದರೂ ಉಳಿದಿರಬೇಕೆಂದು ಕೇಳುತ್ತಾರೆ. ಮೇ ತಿಂಗಳಲ್ಲಿ ಪ್ರವಾಸವಿದ್ದು ಜುಲೈಯಲ್ಲಿ ಪರವಾನಗಿ ಮುಗಿಯುವಂತಿದ್ದರೆ ಮೊದಲು ಅದನ್ನು ನವೀಕರಿಸಿಕೊಂಡು, ಅನಂತರ ಯೂರೋಪಿನ ಯೋಚನೆ ಮಾಡುವುದು ಲೇಸು. ಅದರ ಜೊತೆಗೆ ಉದ್ಯೋಗದಾತನ ಪತ್ರ ಬೇಕು: ಈತ ನಮ್ಮಲ್ಲಿ ಇಂಥ ಹುದ್ದೆಯಲ್ಲಿದ್ದಾನೆ, ಇಷ್ಟು ದಿನ ರಜೆ ಕೊಟ್ಟಿದ್ದೇವೆ, ಮರಳಿ ಬಂದು ಕೆಲಸಕ್ಕೆ ಸೇರುತ್ತಾನೆ. ಬ್ಯಾಂಕಿನ ಲೆಕ್ಕಪತ್ರವೂ ನೆಲೆಸಿದ ದೇಶದ್ದೇ ಆಗಿದ್ದರೆ ಹೆಚ್ಚು ಬೆಲೆ. ೩೦,೦೦೦ ಯೂರೋಗಳಿಗೆ ಕಡಮೆಯಿಲ್ಲದ ವೈದ್ಯಕೀಯ ವಿಮೆಯನ್ನು ಕೂಡ ತಾತ್ವಿಕವಾಗಿ ಅಲ್ಲಿಯೇ ಮಾಡಿಸಬೇಕೆಂದು ಸಂಹಿತೆ ಹೇಳುತ್ತದೆ.

ಪತ್ನಿಗೆ ಸ್ವಂತ ಉದ್ಯೋಗವಿಲ್ಲ. ಆಕೆಯ ನಿವಾಸವೂ ಮಗುವಿನ ನಿವಾಸವೂ ಗಂಡನ ಪರವಾನಗಿಗೆ ಹೊಂದಿಕೊಂಡಿವೆ. ಗಂಡನ ಪತ್ರ, ವಿವಾಹದ ಪ್ರಮಾಣಪತ್ರ ಇವು ಆಕೆಯ ಆಧಾರ. ಒಬ್ಬನ ಕಾಗದ ಸಡಿಲವಾದರೆ ಮೂವರದೂ ಸಡಿಲ. ಮಗುವಿಗೆ ಆರು ವರ್ಷ ತುಂಬಿಲ್ಲವಾದ್ದರಿಂದ ಶುಲ್ಕವಿಲ್ಲ. ದೊಡ್ಡವರಿಗೆ ೨೦೨೪ರ ಜೂನಿನಿಂದ ತಲಾ ೯೦ ಯೂರೋ. ವೀಸಾ ನಿರಾಕರಿಸಿದರೂ ಆ ಹಣ ಮರಳುವುದಿಲ್ಲ.

ಅಮೆರಿಕದಲ್ಲಿರುವ ನಮ್ಮ ಕುಟುಂಬಗಳಲ್ಲಿ ಇನ್ನೊಂದು ವಿಚಿತ್ರವನ್ನು ಕಾಣಬಹುದು. ತಂದೆತಾಯಿ ಉದ್ಯೋಗದ ಪರವಾನಗಿಯ ಮೇಲಿರುವ ಭಾರತೀಯರು. ಅಲ್ಲಿ ಹುಟ್ಟಿ ಅಲ್ಲಿನ ಪಾಸ್‌ಪೋರ್ಟು ಪಡೆದ ಮಗು ಅಮೆರಿಕನ್ ಪ್ರಜೆ. ಪ್ಯಾರಿಸಿಗೆ ಹೋಗಲು ತಂದೆತಾಯಿ ಕಾಗದದ ಕಟ್ಟು ಹೊತ್ತು ಬೆರಳಚ್ಚು ಕೊಟ್ಟು ಕಾಯಬೇಕು, ತೊಟ್ಟಿಲ ಕೂಸಿಗೆ ವೀಸಾ ಬೇಡ. ಅದೇ ಕೂಸು ಮೈಸೂರಿನ ಅಜ್ಜಿಯ ಮನೆಗೆ ಬರಬೇಕಾದರೆ ಭಾರತದ ವೀಸಾ ಬೇಕು, ಇಲ್ಲವೆ ಸಾಗರೋತ್ತರ ಪ್ರಜೆಯ ಚೀಟಿ ಬೇಕು. ಅಜ್ಜಿಗೆ ಇದನ್ನು ತಿಳಿಯಹೇಳುವುದು ಯಾವ ರಾಯಭಾರಿಗೂ ಸಾಧ್ಯವಿಲ್ಲ!

ಇನ್ನು ಶಿವಮೊಗ್ಗೆಯ ತಾಯಿಯ ವಿಚಾರ. ಅರ್ಜಿಗಳನ್ನು ಬೇರೆ ಬೇರೆ ದೇಶಗಳಲ್ಲಿ ಹಾಕಿದ ಮಾತ್ರಕ್ಕೆ ಪ್ರವಾಸವೂ ಬೇರೆಯಾಗಬೇಕಿಲ್ಲ. ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಅರ್ಜಿ ಕೊಡಬಹುದು. ಹದಿನೈದು ದಿನಕ್ಕಿಂತ ಹತ್ತಿರ ಬಂದರೆ ಕೊಡುವಂತಿಲ್ಲ. ಆದ್ದರಿಂದ ಅವರು ಊರಿನಲ್ಲಿರುವಾಗಲೇ ಬೆಂಗಳೂರಿನ ಅರ್ಜಿ ಕೇಂದ್ರಕ್ಕೆ ಹೋಗಿ ವೀಸಾ ಪಡೆದು, ಆ ಪಾಸ್‌ಪೋರ್ಟಿನೊಡನೆ ದುಬೈಗೆ ಹೋಗಿ, ಅಲ್ಲಿಂದ ಮಗ ಸೊಸೆ ಮೊಮ್ಮಗಳೊಡನೆ ಒಂದೇ ವಿಮಾನ ಹತ್ತಬಹುದು. ಎರಡು ಎಚ್ಚರಿಕೆಗಳು ಮಾತ್ರ ಬೇಕು. ಯಾವ ದೇಶದಲ್ಲಿ ಹೆಚ್ಚು ದಿನ ತಂಗುವರೋ ಆ ದೇಶಕ್ಕೇ ಅರ್ಜಿ ಸಲ್ಲಬೇಕಾದ್ದರಿಂದ, ಪ್ಯಾರಿಸಿನಲ್ಲಿ ಮೂರು ರಾತ್ರಿ, ಸ್ವಿಟ್ಜರ್ಲೆಂಡಿನಲ್ಲಿ ಐದು ರಾತ್ರಿ ಎಂದಾದರೆ ದುಬೈಯವರೂ ಶಿವಮೊಗ್ಗೆಯವರೂ ಸ್ವಿಸ್ ಕಛೇರಿಯನ್ನೇ ಕೇಳಬೇಕು. ಎರಡು ಅರ್ಜಿಗಳ ದಿನಚರಿ ಒಂದಕ್ಕೊಂದು ಹೊಂದಿಕೆಯಾಗಿರಬೇಕು. ಮತ್ತೆ, ಯೂರೋಪಿನಿಂದ ಅವರು ದುಬೈಗೇ ಮರಳುವುದಾದರೆ ಅಲ್ಲಿನ ಸಂದರ್ಶಕ ವೀಸಾ ಒಂದೇ ಬಾರಿಯ ಪ್ರವೇಶದ್ದಾಗಿರಬಾರದು. ಒಮ್ಮೆ ಹೊರಗೆ ಕಾಲಿಟ್ಟರೆ ಅದು ಮುಗಿದಂತೆ.

ಇಷ್ಟನ್ನೂ ಬರೆದು ಕಳಿಸಿದೆ. ಅವನ ಉತ್ತರ ಎರಡೇ ದಿನದಲ್ಲಿ ಬಂದಿತು. "ಗುರುಗಳೇ, ಅಮ್ಮನ ಸಂಗತಿಯೇ ನನಗೆ ಭಯ. ಅವರಿಗೆ ಬರುವುದು ಪಿಂಚಣಿ ಮಾತ್ರ. ನನ್ನ ಸಂಬಳದ ಮುಂದೆ ಅದು ಏನೇನೂ ಅಲ್ಲ. ಅವರ ಅರ್ಜಿಯನ್ನು ನಂಬುತ್ತಾರೆಯೆ?" ಎಂದಿದ್ದ.

ವೆಚ್ಚಕ್ಕೆ ಸಾಕಷ್ಟು ಹಣವಿದೆಯೆಂದು ಅವರೂ ತೋರಿಸಲೇಬೇಕು. ಮಗನ ಪತ್ರವನ್ನೂ ಲೆಕ್ಕಪತ್ರವನ್ನೂ ಅದಕ್ಕೆ ಲಗತ್ತಿಸಬಹುದು. ಮರಳುವ ಮಾತಿಗೆ ಬಂದರೆ, ಅವರ ಹೆಸರಿನಲ್ಲಿ ಶಿವಮೊಗ್ಗೆಯ ಮನೆಯಿದೆ, ಅದರ ಕಂದಾಯದ ರಸೀತಿಯಿದೆ, ತಿಂಗಳು ತಿಂಗಳು ಸರ್ಕಾರವೇ ಜಮಾ ಮಾಡುವ ಪಿಂಚಣಿಯಿದೆ. ಅದಕ್ಕೆ ಎರಡು ವರ್ಷದ ಗಡುವಿಲ್ಲ, ಯಾರೂ ನವೀಕರಿಸಬೇಕಾಗಿಲ್ಲ. "ನಿನ್ನ ಪರವಾನಗಿಯ ತಾರೀಖನ್ನು ಮೊದಲು ನೋಡಿಕೊಳ್ಳಪ್ಪ, ಅಮ್ಮನವರ ಚಿಂತೆ ಬೇಡ" ಎಂದು ಬರೆದೆ.