ಸಿಲಿಕಾನಿಗೂ ಒಂದು ಜರಡಿ

ಸಿರುಗುಪ್ಪದ ಅಕ್ಕಿ ಗಿರಣಿಗಳ ಹಿತ್ತಿಲಲ್ಲಿ ಉಮಿ ಸುಟ್ಟ ಬೂದಿಯ ರಾಶಿಯನ್ನು ಕಾಣದ ಮಕ್ಕಳು ಆ ಸೀಮೆಯಲ್ಲಿ ಇರಲಾರರು. ತುಂಗಭದ್ರೆಯ ನೀರುಂಡು ಬೆಳೆಯುವ ನೆಲ್ಲು ಮಣ್ಣಿನಿಂದ ಸಿಲಿಕಾವನ್ನು ಹೀರಿ ಕಾಳಿನ ಹೊದಿಕೆಯಲ್ಲಿ ಕೂಡಿಡುತ್ತದೆ. ನೂರು ಕಿಲೋ ಉಮಿ ಸುಟ್ಟರೆ ಸಿಗುವುದು ಸುಮಾರು ಇಪ್ಪತ್ತು ಕಿಲೋ ಬೂದಿ. ಅದರಲ್ಲಿ ಬಹುಪಾಲು ಸಿಲಿಕಾ, ಅಂದರೆ ಸಿಲಿಕಾನ್ ಮತ್ತು ಆಮ್ಲಜನಕ ಸೇರಿದ ವಸ್ತು. ಕುರುಗೋಡಿನ ಬೆಟ್ಟಗಳಲ್ಲಿ, ಬಳ್ಳಾರಿ ಕೋಟೆಯ ಗುಡ್ಡದಲ್ಲಿ ಗ್ರಾನೈಟ್ ಬಂಡೆಯ ನಡುವೆ ಮಿನುಗುವ ಬೆಣಚುಕಲ್ಲಿನ ಹರಳೂ ಇದೇ.

ಕಂಪ್ಯೂಟರ್ ಚಿಪ್ಪಿನ ಮೂಲವಸ್ತು ಹೀಗೆ ಕಾಲಡಿಯಲ್ಲೇ ಬಿದ್ದಿದೆ. ಹಾಗೆಂದು ಬಳ್ಳಾರಿ ನಾಳೆಯೇ ಸಿಲಿಕಾನ್ ಕಣಿವೆಯಾದೀತೆಂದು ಯಾರಾದರೂ ಭಾಷಣ ಮಾಡಿದರೆ ನಂಬಬೇಕಾಗಿಲ್ಲ. ಸಿಲಿಕಾನ್ ಎಲ್ಲ ದೇಶಗಳಲ್ಲೂ ಧಾರಾಳವಾಗಿದೆ. ಕಷ್ಟವಿರುವುದು ಅದನ್ನು ಶುದ್ಧ ಮಾಡುವುದರಲ್ಲಿ. ಬೆಣಚುಕಲ್ಲನ್ನು ಇದ್ದಿಲಿನೊಂದಿಗೆ ವಿದ್ಯುತ್ ಕುಲುಮೆಯಲ್ಲಿ ಸುಮಾರು 2,000 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಸಿಲಿಕಾನ್ ಬೇರ್ಪಡಿಸುತ್ತಾರೆ. ಅನಂತರ ಅದನ್ನು ದ್ರವರೂಪದ ಸಂಯುಕ್ತವಾಗಿಸಿ, ಭಟ್ಟಿ ಇಳಿಸಿ, ಮತ್ತೆ ಸಿಲಿಕಾನಾಗಿಸಿ, ಒಂದೇ ಹರಳಾಗಿ ಎಳೆದು, ತೆಳ್ಳನೆಯ ಬಿಲ್ಲೆಗಳಾಗಿ ಸೀಳುತ್ತಾರೆ. ಸಾಧಾರಣ ಚಿಪ್ಪಿಗೆ ಬೇಕಾದ ಸಿಲಿಕಾನಿನಲ್ಲಿ ನೂರು ಕೋಟಿ ಪರಮಾಣುಗಳ ಮಧ್ಯೆ ಪರಕೀಯ ಪರಮಾಣು ಒಂದಕ್ಕಿಂತ ಹೆಚ್ಚು ಇರಬಾರದು.

ಕ್ವಾಂಟಮ್ ಕಂಪ್ಯೂಟರಿಗೆ ಈ ಶುದ್ಧಿಯೂ ಸಾಲದು ಎಂಬುದೇ ಸೋಜಿಗ.

ಮಾಮೂಲಿ ಟ್ರಾನ್ಸಿಸ್ಟರಿನಲ್ಲಿ ಎಲೆಕ್ಟ್ರಾನುಗಳು ಗುಂಪಾಗಿ ಹರಿಯುತ್ತವೆ. ಇಲ್ಲಿ ಬೇಕಾದದ್ದು ಒಂದೇ ಒಂದು. ಸಿಲಿಕಾನಿನ ಮೇಲೆ ಕೂದಲಿಗಿಂತ ಸಾವಿರ ಪಾಲು ಸಣ್ಣ ಲೋಹದ ಗೆರೆಗಳನ್ನು ಎಲೆಕ್ಟ್ರಾನ್ ಕಿರಣದಿಂದ ಬಿಡಿಸಿ, ಅವುಗಳಿಗೆ ವಿದ್ಯುತ್ ಒತ್ತಡ ಕೊಟ್ಟು, ಅಡಿಯಲ್ಲಿ ಒಂಟಿ ಎಲೆಕ್ಟ್ರಾನನ್ನು ಕೂಡಿಹಾಕಬೇಕು. ಈ ಎಲೆಕ್ಟ್ರಾನನ್ನು ಒಂದು ಪುಟಾಣಿ ಅಯಸ್ಕಾಂತವೆಂದು ಭಾವಿಸಿರಿ. ಮೇಲ್ಮುಖವಾದರೆ 1, ಕೆಳಮುಖವಾದರೆ 0. ಎರಡೂ ಬೆರೆತ ಸ್ಥಿತಿಯಲ್ಲಿಯೂ ಅದು ಇರಬಲ್ಲದು. ಕ್ವಾಂಟಮ್ ಲೆಕ್ಕಾಚಾರದ ಗುಟ್ಟು ಈ ಬೆರಕೆಯಲ್ಲಿದೆ. ಆದರೆ ಸ್ವಲ್ಪ ಶಾಖ ತಾಗಿದರೂ ಅದು ಕೆಟ್ಟುಹೋಗುತ್ತದೆ. ಆದ್ದರಿಂದ ಇಡೀ ಸಾಧನವನ್ನು ಸೊನ್ನೆಗಿಂತ 273 ಡಿಗ್ರಿ ಕೆಳಗಿನ ಚಳಿಯ ಆಸುಪಾಸಿನಲ್ಲಿ ಇಡುತ್ತಾರೆ.

ಇಷ್ಟಾದರೂ ತಂಟೆ ತಪ್ಪದು, ತಂಟೆ ಮಾಡುವುದು ಸ್ವತಃ ಸಿಲಿಕಾನ್! ಪ್ರಕೃತಿಯ ಸಿಲಿಕಾನಿನಲ್ಲಿ ಮೂರು ಬಗೆಯ ಪರಮಾಣುಗಳಿವೆ. ಶೇ 92ರಷ್ಟು ಸಿಲಿಕಾನ್-28, ಶೇ 4.7ರಷ್ಟು ಸಿಲಿಕಾನ್-29, ಉಳಿದದ್ದು ಸಿಲಿಕಾನ್-30. ಇವುಗಳಲ್ಲಿ 29ರ ಬೀಜಕೇಂದ್ರ ಮಾತ್ರ ತಾನೂ ಒಂದು ಅಯಸ್ಕಾಂತದಂತೆ ವರ್ತಿಸಿ, ಪಕ್ಕದ ಎಲೆಕ್ಟ್ರಾನಿನ ಏಕಾಗ್ರತೆ ಕೆಡಿಸುತ್ತದೆ. ಕುರುಗೋಡಿನ ದೊಡ್ಡಬಸವೇಶ್ವರ ತೇರಿನ ಗದ್ದಲದಲ್ಲಿ ಕಿವಿಮಾತು ಹೇಳಿದಂತಾಗುತ್ತದೆ ಅದರ ಪಾಡು. ರಸಾಯನ ಗುಣದಲ್ಲಿ 28ಕ್ಕೂ 29ಕ್ಕೂ ವ್ಯತ್ಯಾಸವಿಲ್ಲದ್ದರಿಂದ ಮಾಮೂಲಿ ಜರಡಿ ಇಲ್ಲಿ ನಡೆಯದು. ತೂಕದ ಅತ್ಯಲ್ಪ ಅಂತರವನ್ನೇ ಹಿಡಿದು ಬೇರ್ಪಡಿಸಬೇಕು. 2024ರಲ್ಲಿ ಮ್ಯಾಂಚೆಸ್ಟರ್ ಮತ್ತು ಮೆಲ್ಬರ್ನ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ಹತ್ತು ಲಕ್ಷದಲ್ಲಿ 29ರ ಪಾಲನ್ನು ಎರಡು-ಮೂರಕ್ಕೆ ಇಳಿಸಿ ತೋರಿಸಿದರು.

ಸಿಲಿಕಾನಿನಲ್ಲಿ ರಂಜಕದ ಒಂದೊಂದೇ ಪರಮಾಣು ಕೂರಿಸಿ ಇಂಥ ಕಂಪ್ಯೂಟರ್ ಕಟ್ಟಬಹುದೆಂದು ಬ್ರೂಸ್ ಕೇನ್ ಸೂಚಿಸಿದ್ದು 1998ರಲ್ಲಿ. ಒಂದೇ ಪರಮಾಣುವಿನ ಟ್ರಾನ್ಸಿಸ್ಟರನ್ನು ಮಿಷೆಲ್ ಸಿಮನ್ಸ್ ತಂಡ ಆಸ್ಟ್ರೇಲಿಯಾದಲ್ಲಿ 2012ರಲ್ಲಿ ಮಾಡಿತು. ಇಂಟೆಲ್ ಕಂಪನಿ 12 ಕ್ಯೂಬಿಟ್‌ಗಳ ಸಿಲಿಕಾನ್ ಚಿಪ್ಪನ್ನು ಹೊರತಂದದ್ದು 2023ರಲ್ಲಿ. ಕಾಲು ಶತಮಾನದಲ್ಲಿ ಇಷ್ಟೇ ಎನ್ನಿಸಬಹುದು. ಕೆಲಸ ಅಷ್ಟು ನಾಜೂಕಿನದು.

ಬಳ್ಳಾರಿಯ ವಿದ್ಯಾರ್ಥಿಗೆ ಇದರಲ್ಲಿ ಏನಿದೆ? ಕೇಂದ್ರ ಸರ್ಕಾರ 2023ರ ಏಪ್ರಿಲ್‌ನಲ್ಲಿ 6,003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಅದರ ಕಂಪ್ಯೂಟಿಂಗ್ ವಿಭಾಗದ ಹೊಣೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯದು. ನ್ಯಾನೊ ಸಾಧನ ತಯಾರಿಸುವ ಧೂಳಿಲ್ಲದ ಕೋಣೆಗಳೂ ಅಲ್ಲಿವೆ. ಬೇರೆ ಕಾಲೇಜುಗಳ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಅಲ್ಲಿ ತರಬೇತಿ ಕೊಡುವ ‘ಇನಪ್’ ಎಂಬ ಯೋಜನೆ ಕೇಂದ್ರದ ನೆರವಿನಿಂದ ಆರಂಭವಾಯಿತು. ಜಿಲ್ಲೆಯ ಎಂಜಿನಿಯರಿಂಗ್ ಕಾಲೇಜುಗಳು ಇಂಥದ್ದರ ಅರ್ಜಿಗಳ ಮೇಲೆ ಕಣ್ಣಿಟ್ಟಿರುವುದು ಒಳಿತು.

ಪಿಯುಸಿ ಫಲಿತಾಂಶ ಬಂದ ಮರುದಿನವೇ ‘ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕರೆ ಸರಿ, ಬಿಎಸ್ಸಿ ಸೇರಿ ಏನು ಮಾಡ್ತೀ’ ಎನ್ನುವ ಅಪ್ಪ ಅಮ್ಮಂದಿರು ಒಂದು ಗಳಿಗೆ ತಡೆಯಬೇಕು. ಕ್ವಾಂಟಮ್ ಯಂತ್ರಕ್ಕೆ ಪ್ರೋಗ್ರಾಂ ಬರೆಯುವವರು ಬೇಕು, ನಿಜ. ಅದಕ್ಕೆ ಮೊದಲು ಯಂತ್ರ ಇರಬೇಕಲ್ಲ! ಅದನ್ನು ಮಾಡುವವರು ಭೌತಶಾಸ್ತ್ರ, ರಸಾಯನಶಾಸ್ತ್ರ, ಎಲೆಕ್ಟ್ರಾನಿಕ್ಸ್, ಲೋಹಶಾಸ್ತ್ರ ಓದಿದವರು. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದಲ್ಲೇ ಭೌತಶಾಸ್ತ್ರದ ಎಂಎಸ್ಸಿ ಇದೆ. ಈ ದಾರಿ ದೀರ್ಘ. ಬಹುಶಃ ಪಿಎಚ್‌ಡಿವರೆಗೆ ಎಳೆಯುತ್ತದೆ, ಸಂಬಳ ತಡವಾಗಿ ಕೈಸೇರುತ್ತದೆ. ಮನೆಯಲ್ಲಿ ಕೂತು ಲೆಕ್ಕ ಹಾಕಬೇಕಾದದ್ದು ಇದನ್ನೇ.

ಧೂಳಿಲ್ಲದ ಕೋಣೆಗೆ ಕಾಲಿಟ್ಟವರು ಮೊದಲು ಕಲಿಯುವುದರಲ್ಲಿ ಬಿಲ್ಲೆ ತೊಳೆಯುವುದೂ ಒಂದು. ಅಮೋನಿಯಾ, ಹೈಡ್ರೋಜನ್ ಪೆರಾಕ್ಸೈಡ್, ಹೈಡ್ರೋಕ್ಲೋರಿಕ್ ಆಮ್ಲ: ಎಲ್ಲವೂ ಪಿಯುಸಿ ರಸಾಯನಶಾಸ್ತ್ರದ ಪುಸ್ತಕದಲ್ಲಿರುವಂಥವೇ.